ಇಂಗ್ಲಿಷಿನ ಗುಣವಾಚಕ, ಫಿನ್ನಿಶ್‌ನ ಗುಣವಾಚಕ, ಪಕ್ಕದಲ್ಲೇ ಕನ್ನಡ

(ಓದಲು ಅಥವಾ ಕೆಲಸಕ್ಕೆ ಫಿನ್‌ಲ್ಯಾಂಡಿಗೆ ಹೊರಟವರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಹಾಟ್’ ಪದಕ್ಕೆ ಫಿನ್ನಿಶ್‌ನಲ್ಲಿ ಏನನ್ನುತ್ತಾರೆ ಅಂತ ನಿಮ್ಮ ಮೊಬೈಲಿನಲ್ಲಿ ಹುಡುಕಿ. ‘ಕೂಮ’ ಅಂತ ಬರುತ್ತದೆ. ತಪ್ಪೇನಿಲ್ಲ. ಕಾಫಿ ಕೂಮ, ಸೌನಾ (ಅವರ ಉಗಿಸ್ನಾನದ ಕೋಣೆ) ಕೂಮ. ಆದರೆ ಹೆಲ್ಸಿಂಕಿಯ ಹೋಟೆಲಿನಲ್ಲಿ ಕೂತು, ಈ ಸೂಪು ‘ಹಾಟ್’ ಇದೆಯಾ, ಅಂದರೆ ಖಾರ ಇದೆಯಾ ಅಂತ ಕೇಳಬೇಕಾದರೆ ಕೂಮ ಕೆಲಸಕ್ಕೆ ಬರುವುದಿಲ್ಲ. ಹೌದು, ಈಗಷ್ಟೇ ಒಲೆಯಿಂದ ಇಳಿಸಿದ್ದು ಅಂತ ಉತ್ತರ ಬರುತ್ತದೆ. ಖಾರಕ್ಕೆ ಅವರ ಪದ ‘ತುಲಿನೆನ್’. ‘ತುಲಿ’ ಅಂದರೆ ಬೆಂಕಿ. ನಾಲಿಗೆಗೆ ಬೆಂಕಿ ಇಟ್ಟ ಹಾಗಿದೆ ಅಂತ ನಾವೂ ಹೇಳುವುದಿಲ್ವಾ, ಹಾಗೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಬಿಸಿ ಬೇರೆ, ಖಾರ ಬೇರೆ ಅನ್ನುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದು ಕನ್ನಡದಲ್ಲೇ ಇದೆ. ಎರಡನ್ನೂ ಒಂದೇ ಪದಕ್ಕೆ ತುರುಕಿದ್ದು ಇಂಗ್ಲಿಷ್. ನಾವು ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ, ಆ ಇಂಗ್ಲಿಷನ್ನು ಫಿನ್ನಿಶ್‌ಗೆ ತಿರುಗಿಸಿ, ನಡುವೆ ಇಲ್ಲದ ತೊಡಕು ಮಾಡಿಕೊಳ್ಳುತ್ತೇವೆ. ಗುಣವಾಚಕಗಳ ವಿಷಯದಲ್ಲಂತೂ ಇದು ಜಾಸ್ತಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಇಂಗ್ಲಿಷಿನ ಗುಣವಾಚಕಗಳಿಗೆ ಫಿನ್ನಿಶ್‌ನಲ್ಲಿ ಏನಿದೆ ಅಂತ ನೋಡುತ್ತಾ ಹೋಗೋಣ, ಕನ್ನಡವನ್ನು ಮಾತ್ರ ಪಕ್ಕದಲ್ಲೇ ಇಟ್ಟುಕೊಂಡಿರೋಣ. ಕೆಲವು ಕಡೆ ಅದು ಕೈ ಹಿಡಿಯುತ್ತದೆ. ಕೆಲವು ಕಡೆ ಕೈ ಕೊಡುತ್ತದೆ, ಅದನ್ನೂ ಹೇಳುತ್ತೇನೆ.

ಮೊದಲು ಉಚ್ಚಾರದ ಬಗ್ಗೆ ಎರಡು ಮಾತು. ಫಿನ್ನಿಶ್‌ನಲ್ಲಿ ಹ್ರಸ್ವ, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ತಪಾನ್ ಸಿನುತ್’ ಅಂದರೆ ನಿನ್ನನ್ನು ಭೇಟಿಯಾಗುತ್ತೇನೆ. ‘ತಪನ್ ಸಿನುತ್’ ಅಂದರೆ ನಿನ್ನನ್ನು ಕೊಲ್ಲುತ್ತೇನೆ. ಒಂದು ದೀರ್ಘದಲ್ಲಿ ಜೀವ ನಿಂತಿದೆ. ರೋಮನ್ ಲಿಪಿಯಲ್ಲಿ ಅವರು ಇದಕ್ಕಾಗಿ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಇಂಗ್ಲಿಷ್ ಓದಿದ ಕಣ್ಣು ಅದನ್ನು ಹಾರಿಸಿಬಿಡುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಆ ಭಯವಿಲ್ಲ. ‘ಬ್ಯಾಂಕ್’ ಅನ್ನುವಾಗ ಬರುವ ಸ್ವರ ಅವರಲ್ಲಿ ಜಾಸ್ತಿ, ಅದು ಹ್ರಸ್ವವೂ ಆಗಬಹುದು. ಅದಕ್ಕೆ ನಮ್ಮಲ್ಲಿ ಬೇರೆ ಚಿಹ್ನೆ ಇಲ್ಲದ್ದರಿಂದ ‘್ಯಾ’ ಅಂತಲೇ ಬರೆಯುತ್ತಿದ್ದೇನೆ. ಅಷ್ಟು ಸಾಕು.

ಈಗ ‘ಕೊವ’ ಅನ್ನುವ ಪದ ತೆಗೆದುಕೊಳ್ಳಿ. ನಿಘಂಟಿನಲ್ಲಿ ಇದಕ್ಕೆ ಎದುರು ‘ಹಾರ್ಡ್’ ಅಂತ ಇರುತ್ತದೆ, ಗಟ್ಟಿ ಅಂತ. ಗಟ್ಟಿ ಹಾಸಿಗೆ, ಗಟ್ಟಿ ಬ್ರೆಡ್ಡು, ಎಲ್ಲ ಸರಿ. ಆಮೇಲೆ ನೋಡಿದರೆ ಈ ಕೊವ ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ. ‘ಕೊವ ತೂಲಿ’ ಅಂದರೆ ಇಂಗ್ಲಿಷಿನಲ್ಲಿ ಸ್ಟ್ರಾಂಗ್ ವಿಂಡ್. ‘ಕೊವ ಕೂಮೆ’ ಅಂದರೆ ಹೈ ಫೀವರ್. ‘ಕೊವ ಆ್ಯಾನಿ’ ಅಂದರೆ ಲೌಡ್ ವಾಯ್ಸ್. ‘ಕೊವ ಪಕ್ಕನೆನ್’ ಅಂದರೆ ಸೊನ್ನೆಗಿಂತ ಎಷ್ಟೋ ಕೆಳಗಿಳಿದ ಚಳಿ. ‘ಕೊವ ನ್ಯಾಲ್ಕ್ಯಾ’ ಅಂದರೆ ಹಸಿವು, ಹೊಟ್ಟೆ ಚುರುಗುಟ್ಟುವ ಹಸಿವು. ‘ಕೊವ ಕೀರೆ’ ಅಂದರೆ ಭಾರೀ ಅರ್ಜೆಂಟು. ಇಂಗ್ಲಿಷ್ ಮೂಲಕ ಬಂದವರಿಗೆ ಇದು ತಲೆನೋವು. ಒಂದೇ ಪದಕ್ಕೆ ಸ್ಟ್ರಾಂಗ್, ಹೈ, ಲೌಡ್, ಬಿಟರ್ ಅಂತ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಬೇಕು.

ಕನ್ನಡದಲ್ಲಿ ಹೇಳಿ ನೋಡಿ. ಜೋರು ಗಾಳಿ. ಜೋರು ಜ್ವರ. ಜೋರು ದನಿ. ಜೋರು ಚಳಿ. ಜೋರು ಹಸಿವು. ಇನ್ನೇನು ಬೇಕು? ಪಟ್ಟಿಯ ಮುಕ್ಕಾಲು ಭಾಗಕ್ಕೆ ಒಂದೇ ಪದ ಕೂತುಬಿಟ್ಟಿತು. ವಸ್ತು ಗಟ್ಟಿಯಾಗಿದ್ದರೆ ಗಟ್ಟಿ, ಉಳಿದದ್ದಕ್ಕೆ ಜೋರು. ‘ಗಟ್ಟಿಯಾಗಿ ಮಾತಾಡು’ ಅಂತಲೂ ನಾವು ಅನ್ನುತ್ತೇವೆ, ಅಲ್ಲಿಗೆ ಗಟ್ಟಿ ಮತ್ತು ಜೋರು ಎರಡೂ ಕೊವದಲ್ಲಿ ಬಂದು ಸೇರಿದವು. ಹಾಗಂತ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ‘ಈ ಲೆಕ್ಕ ಹಾರ್ಡ್ ಇದೆ’ ಅನ್ನುವ ಹಾರ್ಡ್‌ಗೆ ಅವರು ಕೊವ ಅನ್ನುವುದಿಲ್ಲ, ‘ವಯ್ಕೆಅ’ ಅನ್ನುತ್ತಾರೆ, ಅಂದರೆ ಕಷ್ಟ. ಅಲ್ಲೂ ನಮ್ಮದು ಬೇರೆ ಪದವೇ.

ಇನ್ನೊಂದು, ‘ಪಿತ್ಕ್ಯಾ’. ಇದು ಇಂಗ್ಲಿಷಿನ ‘ಲಾಂಗ್’. ಉದ್ದನೆಯ ರಸ್ತೆ, ಉದ್ದನೆಯ ಕೂದಲು. ಆದರೆ ಎತ್ತರದ ಮನುಷ್ಯನಿಗೂ ಪಿತ್ಕ್ಯಾ ಅಂತಲೇ ಅನ್ನಬೇಕು. ಎತ್ತರದ ಕಟ್ಟಡಕ್ಕೆ, ಬೆಟ್ಟಕ್ಕೆ ಬೇರೆ ಪದ, ‘ಕೊರ್ಕೆಅ’. ಇಂಗ್ಲಿಷಿನಲ್ಲಿ ಟಾಲ್ ಅನ್ನುವುದು ಮನುಷ್ಯನಿಗೂ ಕಟ್ಟಡಕ್ಕೂ ಆಗುವುದರಿಂದ, ಕಲಿಯುವವರು ಮನುಷ್ಯನಿಗೂ ಕೊರ್ಕೆಅ ಹಚ್ಚಿಬಿಡುತ್ತಾರೆ. ಅದು ಫಿನ್ನಿಶ್ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ನಮ್ಮ ಮನೆಗಳಲ್ಲಿ ಏನನ್ನುತ್ತಾರೆ? ‘ಹುಡುಗ ಎಷ್ಟುದ್ದ ಬೆಳೆದುಬಿಟ್ಟಿದಾನೆ ನೋಡು’ ಅನ್ನುತ್ತಾರೆ. ಅದೇ ಪಿತ್ಕ್ಯಾ.

ಕಾಫಿಯನ್ನೂ ನೋಡಿಬಿಡೋಣ. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಫಿನ್‌ಲ್ಯಾಂಡಿನವರು ಇದ್ದಾರೆ. ಸ್ಟ್ರಾಂಗ್ ಕಾಫಿ ‘ವಹ್ವ ಕಹ್ವಿ’. ಪ್ರಾಸ ಚೆನ್ನಾಗಿದೆ ಅಲ್ವಾ? ನೀರು ನೀರಾದ ಕಾಫಿ ‘ಲಯ್ಹ ಕಹ್ವಿ’. ಲಯ್ಹ ಅಂದರೆ ಬಡಕಲು, ಸಣಕಲು. ತೆಳ್ಳಗಿನ ಮನುಷ್ಯನಿಗೆ ಹೇಳುವ ಪದ. ಕಾಗದ ತೆಳ್ಳಗಿದ್ದರೆ ಲಯ್ಹ ಅಲ್ಲ, ‘ಒಹುತ್’. ಇಂಗ್ಲಿಷಿನ ‘ಥಿನ್’ ಎರಡಕ್ಕೂ ಆಗುತ್ತದೆ, ಇಲ್ಲಿ ಆಗುವುದಿಲ್ಲ. ಸಣಕಲು ಕಾಫಿ ಅಂತ ನಾವು ಅನ್ನುವುದಿಲ್ಲ, ಆದರೆ ಅಂದರೆ ಮೈಸೂರಿನವರಿಗೆ ಅರ್ಥವಾಗುತ್ತದೆ ಅನ್ನುವ ಧೈರ್ಯ ನನಗಿದೆ.

ಕನ್ನಡ ಕೈ ಕೊಡುವ ಜಾಗ ಅಂದೆನಲ್ಲ. ಇಂಗ್ಲಿಷಿನ ‘ಓಲ್ಡ್’ ನೋಡಿ. ಫಿನ್ನಿಶ್‌ನಲ್ಲಿ ‘ವನ್ಹ’. ಹಳೆ ಮನೆಯೂ ವನ್ಹ, ವಯಸ್ಸಾದ ಮನುಷ್ಯನೂ ವನ್ಹ, ಹಳೆ ಗೆಳೆಯನೂ ವನ್ಹ. ಇಲ್ಲಿ ಇಂಗ್ಲಿಷ್ ಮತ್ತು ಫಿನ್ನಿಶ್ ಒಂದೇ ಕಡೆ, ಹಳೆಯ–ವಯಸ್ಸಾದ ಅಂತ ಎರಡು ಮಾಡಿಕೊಂಡು ಕೂತಿರುವವರು ನಾವು. ‘ರೈಟ್’ ಅನ್ನುವುದೂ ಹಾಗೆಯೇ. ಬಲಗೈಗೂ ಸರಿಯುತ್ತರಕ್ಕೂ ಫಿನ್ನಿಶ್‌ನಲ್ಲಿ ‘ಒಯ್ಕೆಅ’ ಒಂದೇ.

ಇದಕ್ಕಿಂತ ಮಜಾ ಇರುವುದು ಸಂಬಂಧಗಳಲ್ಲಿ. ‘ಇಸೊ’ ಅಂದರೆ ದೊಡ್ಡ, ‘ಆ್ಯಯ್ತಿ’ ಅಂದರೆ ಅಮ್ಮ. ‘ಇಸೊಆ್ಯಯ್ತಿ’ ಅಂದರೆ? ದೊಡ್ಡಮ್ಮ ಅಂತ ತಾನೇ ಬಾಯಿಗೆ ಬಂತು? ಅಲ್ಲ, ಅಜ್ಜಿ. ‘ಇಸೊಇಸ್ಯಾ’ ದೊಡ್ಡಪ್ಪ ಅಲ್ಲ, ತಾತ. ಆದರೆ ‘ಇಸೊವೆಲಿ’, ದೊಡ್ಡ ಸಹೋದರ, ನಮ್ಮ ಅಣ್ಣನೇ. ‘ಪಿಕ್ಕುವೆಲಿ’ ತಮ್ಮ. ನಮ್ಮ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಅವರಲ್ಲಿ ಬೇರೆ ಪದ ಇಲ್ಲ. ಎಲ್ಲರೂ ‘ತ್ಯಾತಿ’. ಇಂಗ್ಲಿಷಿನ ಆಂಟಿ ಇದ್ದ ಹಾಗೆ.

ಇನ್ನು ‘ದೊಡ್ಡ ಮನುಷ್ಯ’ ಅನ್ನುವಾಗ ಎಚ್ಚರ. ನಮಗೆ ಆಕಾರದಲ್ಲಿ ದೊಡ್ಡವನೂ ಅವನೇ, ಹೆಸರಿನಲ್ಲಿ ದೊಡ್ಡವನೂ ಅವನೇ. ಫಿನ್ನಿಶ್‌ನಲ್ಲಿ ಇಸೊ ಅಂದರೆ ಬಹುಮಟ್ಟಿಗೆ ಆಕಾರ. ಹಿರಿಮೆಗೆ ‘ಸೂರಿ’ ಬೇಕು. ದೊಡ್ಡ ಸಾಹಿತಿಯನ್ನು ಇಸೊ ಅಂದರೆ ಅವರ ಹೊಟ್ಟೆಯ ಸುತ್ತಳತೆ ಹೇಳಿದ ಹಾಗಾಗುತ್ತದೆ.

ಪದಗಳ ಮಾತು ಇಲ್ಲಿಗೆ ಸಾಕು. ನಿಜವಾದ ಕಷ್ಟ ವ್ಯಾಕರಣದಲ್ಲಿದೆ.

ಇಂಗ್ಲಿಷಿನ ಗುಣವಾಚಕ ಏನಾದರೂ ಅಲುಗಾಡುವುದಿಲ್ಲ. ಬಿಗ್ ಹೌಸ್, ಬಿಗ್ ಹೌಸಸ್, ಇನ್ ದ ಬಿಗ್ ಹೌಸ್. ಕನ್ನಡದಲ್ಲೂ ಅಷ್ಟೇ. ದೊಡ್ಡ ಮನೆ, ದೊಡ್ಡ ಮನೆಗಳು, ದೊಡ್ಡ ಮನೆಯಲ್ಲಿ. ವಿಭಕ್ತಿ ಮನೆಗೆ ಹತ್ತುತ್ತದೆ, ದೊಡ್ಡ ಸುಮ್ನೆ ನಿಂತಿರುತ್ತದೆ. ಫಿನ್ನಿಶ್‌ನಲ್ಲಿ ಹಾಗಿಲ್ಲ. ನಾಮಪದ ಯಾವ ಅಂಗಿ ಹಾಕಿದರೆ ಗುಣವಾಚಕವೂ ಅದೇ ಅಂಗಿ ಹಾಕಬೇಕು. ‘ಇಸೊ ತಲೊ’ ದೊಡ್ಡ ಮನೆ. ‘ಇಸೊಸ್ಸ ತಲೊಸ್ಸ’ ದೊಡ್ಡ ಮನೆಯಲ್ಲಿ. ‘ಇಸೊಸ್ತ ತಲೊಸ್ತ’ ದೊಡ್ಡ ಮನೆಯೊಳಗಿಂದ. ‘ಇಸೋನ್ ತಲೋನ್’ ದೊಡ್ಡ ಮನೆಯೊಳಕ್ಕೆ. ‘ಇಸೊನ್ ತಲೊನ್’ ದೊಡ್ಡ ಮನೆಯ. ಮತ್ತೆ ನೋಡಿ, ಒಳಕ್ಕೂ ‘ಮನೆಯ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘ ಅಷ್ಟೇ. ಕನ್ನಡದ ಲೆಕ್ಕದಲ್ಲಿ ಹೇಳುವುದಾದರೆ, ದೊಡ್ಡದರಲ್ಲಿ ಮನೆಯಲ್ಲಿ, ದೊಡ್ಡದರಿಂದ ಮನೆಯಿಂದ ಅಂದ ಹಾಗೆ. ಫಿನ್ನಿಶ್‌ನಲ್ಲಿ ವಿಭಕ್ತಿಗಳು 15. ಏಕವಚನ, ಬಹುವಚನ ಸೇರಿಸಿ ಲೆಕ್ಕ ಹಾಕಿ, ಒಂದು ‘ದೊಡ್ಡ’ಕ್ಕೆ ಎಷ್ಟು ರೂಪ ಅಂತ. ಹೆದರಬೇಡಿ, ಅದರಲ್ಲಿ ಮೂರು ವಿಭಕ್ತಿಗಳು ದಿನದ ಮಾತಿನಲ್ಲಿ ಅಪರೂಪ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಫಿನ್ನಿಶ್‌ನ ದೂರದ ನೆಂಟ ಹಂಗೇರಿಯನ್. ಅಲ್ಲಿ ನಾಮಪದದ ಮುಂದೆ ನಿಂತ ಗುಣವಾಚಕ ನಮ್ಮದರ ಹಾಗೆ ಬದಲಾಗದೆ ಇರುತ್ತದೆ. ಇವೆರಡೂ ಸೇರಿದ ಯುರಾಲಿಕ್ ಬಳಗದ ಭಾಷೆಗಳ ಹಳೆಯ ಪದ್ಧತಿ ಅದೇ ಇದ್ದಿರಬೇಕು, ಬಾಲ್ಟಿಕ್ ಮತ್ತು ಜರ್ಮ್ಯಾನಿಕ್ ನೆರೆಯವರ ಸಹವಾಸದಲ್ಲಿ ಫಿನ್ನಿಶ್ ಈ ಹೊಂದಾಣಿಕೆಯ ಅಭ್ಯಾಸ ಹಚ್ಚಿಕೊಂಡಿತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಇಂಗ್ಲಿಷೂ ಜರ್ಮ್ಯಾನಿಕ್ ಭಾಷೆಯೇ. ಅದು ಹಿಂದೊಮ್ಮೆ ಇಂಥ ಪ್ರತ್ಯಯಗಳನ್ನೆಲ್ಲ ಹೊತ್ತುಕೊಂಡಿತ್ತು, ಆಮೇಲೆ ಉದುರಿಸಿಕೊಂಡಿತು. ಕೊಟ್ಟ ಮನೆಯವರು ಬಿಟ್ಟರು, ತೆಗೆದುಕೊಂಡವರು ಇಟ್ಟುಕೊಂಡರು.

ಬದಲಾಗದ ಗುಣವಾಚಕಗಳು ಫಿನ್ನಿಶ್‌ನಲ್ಲೂ ಬೆರಳೆಣಿಕೆಯಷ್ಟು ಇವೆ. ‘ಪಿಕ್ಕು’ ಅಂಥದ್ದು. ಪುಟ್ಟ ಅಂತ ಅರ್ಥ. ‘ಪಿಕ್ಕು ತಲೊಸ್ಸ’, ಪುಟ್ಟ ಮನೆಯಲ್ಲಿ. ನಮ್ಮ ಪದ್ಧತಿಯೇ. ಆದರೆ ಅದೇ ಅರ್ಥದ ‘ಪಿಯೆನಿ’ ಮಾತ್ರ ಬದಲಾಗುತ್ತದೆ. ಯಾಕೆ ಅಂತ ಕೇಳಬೇಡಿ, ಭಾಷೆ ಅಂದರೆ ಹಾಗೇ.

ಈಗ ವಾಕ್ಯದ ಕೊನೆಗೆ ಬರುವ ಗುಣವಾಚಕ. ಇದು ನನಗೆ ಎಲ್ಲಕ್ಕಿಂತ ಇಷ್ಟ. ‘ಕುಪ್ಪಿ ಒನ್ ಕೂಮ’, ಲೋಟ ಬಿಸಿಯಾಗಿದೆ. ‘ಕಹ್ವಿ ಒನ್ ಕೂಮಾ’, ಕಾಫಿ ಬಿಸಿಯಾಗಿದೆ. ಒಂದರಲ್ಲಿ ಹ್ರಸ್ವ, ಒಂದರಲ್ಲಿ ದೀರ್ಘ. ಮುದ್ರಣದ ತಪ್ಪಲ್ಲ. ಲೋಟ ಎಣಿಸಬಹುದಾದ ವಸ್ತು. ಕಾಫಿ ಎಣಿಸಲಾಗದ್ದು, ಎಷ್ಟಿದ್ದರೂ ಕಾಫಿಯೇ. ಎಣಿಸಲಾಗದ್ದರ ಬಗ್ಗೆ ಹೇಳುವಾಗ ಗುಣವಾಚಕ ‘ಅಂಶ ವಿಭಕ್ತಿ’ ಅನ್ನಬಹುದಾದ ಒಂದು ರೂಪಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಎರಡೂ ಹಾಟ್, ಕನ್ನಡದಲ್ಲಿ ಎರಡೂ ಬಿಸಿ. ಇಲ್ಲಿ ಯಾರ ಸಹಾಯವೂ ಇಲ್ಲ, ಫಿನ್ನಿಶ್‌ನವರ ಹಾಗೆಯೇ ಯೋಚಿಸಬೇಕು. ಬಹುವಚನಕ್ಕೆ ಹೋದರೆ ಇನ್ನೂ ಸೂಕ್ಷ್ಮ. ‘ಕೆಂಗ್ಯಾತ್ ಒವತ್ ಊದೆತ್’ ಅಂದರೆ ಈ ಜೋಡಿ ಶೂ ಹೊಸದು. ‘ಕೆಂಗ್ಯಾತ್ ಒವತ್ ಊಸಿಅ’ ಅಂದರೆ ಅಲ್ಲಿ ಜೋಡಿಸಿಟ್ಟಿರುವ ಶೂಗಳೆಲ್ಲ ಹೊಸವು. ಜೋಡಿಯಾಗಿ, ಒಂದು ಸೆಟ್ಟಾಗಿ ಬರುವ ವಸ್ತುವಿಗೆ ಒಂದು ರೂಪ, ಸುಮ್ನೆ ಹಲವು ಇದ್ದರೆ ಇನ್ನೊಂದು. ಶೂ ಅನ್ನುವ ಪದ ಹಾಗೇ ಇದೆ, ಕ್ರಿಯಾಪದವೂ ಹಾಗೇ ಇದೆ. ಒಂದು ಜೋಡಿಯೋ, ಒಂದು ರಾಶಿಯೋ ಅನ್ನುವುದನ್ನು ‘ಹೊಸ’ ಅನ್ನುವ ಗುಣವಾಚಕ ಒಂದೇ ಹೇಳುತ್ತಿದೆ. ಇಷ್ಟು ಕೆಲಸ ಮಾಡುವ ಗುಣವಾಚಕ ಇಂಗ್ಲಿಷಿನಲ್ಲಿ ಇಲ್ಲ.

ನಮ್ಮಲ್ಲೂ ವಾಕ್ಯದ ಕೊನೆಯಲ್ಲಿ ಗುಣವಾಚಕ ಬದಲಾಗುತ್ತದೆ ಅನ್ನುವುದನ್ನು ಮರೆಯಬಾರದು. ಮನೆ ದೊಡ್ಡದು, ಅವನು ದೊಡ್ಡವನು, ಅವಳು ದೊಡ್ಡವಳು, ಅವರು ದೊಡ್ಡವರು. ನಾವು ಲಿಂಗ ನೋಡುತ್ತೇವೆ. ಫಿನ್ನಿಶ್‌ನಲ್ಲಿ ಲಿಂಗವೇ ಇಲ್ಲ, ಅವನೂ ‘ಹ್ಯಾನ್’, ಅವಳೂ ‘ಹ್ಯಾನ್’. ಅವರು ಎಣಿಕೆ ನೋಡುತ್ತಾರೆ.

‘ಫಿನ್ನಿಶ್’ ಅನ್ನುವ ಇಂಗ್ಲಿಷ್ ಗುಣವಾಚಕವನ್ನೇ ಫಿನ್ನಿಶ್‌ಗೆ ತಿರುಗಿಸಿ ಅಂದರೆ ಏನಾಗುತ್ತದೆ ಗೊತ್ತಾ? ಒಂದು ಮೂರಾಗುತ್ತದೆ. ‘ಸುಒಮಲಯ್ನೆನ್’ ಅಂದರೆ ಫಿನ್‌ಲ್ಯಾಂಡಿನ, ಅಲ್ಲಿಯವರ. ‘ಸುಒಮೆನ್‌ಕಿಯೆಲಿನೆನ್’ ಅಂದರೆ ಫಿನ್ನಿಶ್ ಭಾಷೆಯ, ಆ ಭಾಷೆ ಆಡುವ. ಭಾಷೆಯ ಹೆಸರು ಹೇಳುವಾಗ ಗುಣವಾಚಕವೇ ಇಲ್ಲ, ‘ಸುಒಮೆನ್ ಕಿಯೆಲಿ’, ನಮ್ಮ ಷಷ್ಠಿ ಇದ್ದ ಹಾಗೆ. ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ಆ ದೇಶದಲ್ಲಿ ಫಿನ್ನಿಶ್ ಮತ್ತು ಸ್ವೀಡಿಷ್ ಎರಡೂ ರಾಷ್ಟ್ರಭಾಷೆಗಳು. ಸ್ವೀಡಿಷ್ ಮನೆಮಾತಿನವರು ಶೇಕಡ 5ರಷ್ಟಿದ್ದಾರೆ. 1809ರವರೆಗೆ ಫಿನ್‌ಲ್ಯಾಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ನೀವೆಲ್ಲ ಹೆಸರು ಕೇಳಿರುವ ಒಬ್ಬರನ್ನು ತೆಗೆದುಕೊಳ್ಳಿ, ಲಿನಕ್ಸ್ ಅನ್ನುವ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಲಿನುಸ್ ತೊರ್ವಾಲ್ಡ್ಸ್. 1969ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವರು, ಸುಒಮಲಯ್ನೆನ್. ಆದರೆ ಮನೆಮಾತು ಸ್ವೀಡಿಷ್, ಹಾಗಾಗಿ ಸುಒಮೆನ್‌ಕಿಯೆಲಿನೆನ್ ಅಲ್ಲ, ‘ರುಒತ್ಸಿನ್‌ಕಿಯೆಲಿನೆನ್’. ಇಂಗ್ಲಿಷಿನ ಫಿನ್ನಿಶ್ ಅನ್ನುವ ಒಂದೇ ಪದ ಇಟ್ಟುಕೊಂಡು ಇದನ್ನು ಹೇಳಲು ಹೋದರೆ ಗೋಜಲಾಗುತ್ತದೆ. ಕರ್ನಾಟಕದವರು ಬೇರೆ, ಕನ್ನಡದವರು ಬೇರೆ ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಫ್ರೀ’ ಅನ್ನುವುದೂ ಹೀಗೇ ಒಡೆಯುತ್ತದೆ. ಬಸ್ಸಿನಲ್ಲಿ ಈ ಸೀಟು ಫ್ರೀ ಇದೆಯಾ ಅನ್ನುವುದಕ್ಕೆ ‘ವಪಾ’. ದುಡ್ಡಿಲ್ಲದೆ ಸಿಗುವ ಫ್ರೀಗೆ ‘ಇಲ್ಮಯ್ನೆನ್’. ‘ಇಲ್ಮ’ ಅಂದರೆ ಗಾಳಿ, ಗಾಳಿಯ ಹಾಗೆ ಪುಕ್ಕಟೆ. ಹಾಗಿದ್ದೂ ‘ಪ್ರವೇಶ ಉಚಿತ’ ಅನ್ನುವ ಬೋರ್ಡಿನಲ್ಲಿ ವಪಾ ಬರೆದಿರುವುದನ್ನು ನೋಡುತ್ತೀರಿ. ಮೂರನೆಯದು ಶುಗರ್ ಫ್ರೀ ಅನ್ನುವ ಫ್ರೀ. ಅದು ಪದವೇ ಅಲ್ಲ, ಬಾಲ. ‘ಸೊಕೆರಿತೊನ್’, ಸಕ್ಕರೆ ಇಲ್ಲದ.

ಈ ‘ತೊನ್’ ಬಾಲವನ್ನು ಚೆನ್ನಾಗಿ ಹಿಡಿದುಕೊಳ್ಳಿ, ಅಂಗಡಿಗೆ ಹೋದ ದಿನದಿಂದಲೇ ಕೆಲಸಕ್ಕೆ ಬರುತ್ತದೆ. ಲಕ್ತೋಸಿತೊನ್, ಗ್ಲುತೇನಿತೊನ್, ಮಯ್ದೊತೊನ್. ಕೊನೆಯದು ಹಾಲಿಲ್ಲದ್ದು. ‘ಲಿಹತೊನ್’ ಅಂದರೆ ಮಾಂಸ ಇಲ್ಲದ್ದು. ಸಸ್ಯಾಹಾರಿಗಳು ಇಷ್ಟು ಓದಿ ಸಮಾಧಾನಪಟ್ಟುಕೊಳ್ಳಬೇಡಿ, ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರು ಅಲ್ಲಿ ಬೇಕಾದಷ್ಟು ಜನ. ಪೂರ್ತಿ ಪಟ್ಟಿ ಓದಿ. ಮನೆ ಇಲ್ಲದವರು ‘ಕೊದಿತೊನ್’. ಮನೆಗೆ ‘ಕೊತಿ’ ಅಂತಾರೆ, ನಗಬೇಡಿ. ದುಡ್ಡಿಲ್ಲದವರು ‘ರಹತೊನ್’. ಇಂಗ್ಲಿಷಿನಲ್ಲಿ ಒಮ್ಮೆ ಫ್ರೀ, ಒಮ್ಮೆ ಲೆಸ್, ಒಮ್ಮೆ ಅನ್. ಫಿನ್ನಿಶ್‌ನಲ್ಲಿ ಎಲ್ಲಕ್ಕೂ ತೊನ್, ಕನ್ನಡದಲ್ಲಿ ಎಲ್ಲಕ್ಕೂ ‘ಇಲ್ಲದ’.

ಕ್ರಿಯಾಪದಕ್ಕೂ ಇದನ್ನು ಹಚ್ಚುತ್ತಾರೆ, ಆಗ ‘ಮತೊನ್’ ಆಗುತ್ತದೆ. ‘ಲುಕೆಅ’ ಅಂದರೆ ಓದು. ‘ಲುಕೆಮತೊನ್’ ಅಂದರೆ ಓದದ. ಫೋನಿನಲ್ಲಿ ಓದದೆ ಬಿದ್ದಿರುವ ಮೆಸೇಜುಗಳ ಮೇಲೆ ಇದೇ ಇರುತ್ತದೆ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ‘ತುನ್ತೆಮತೊನ್’. ‘ಉಸ್ಕೊಮತೊನ್’ ಅಂದರೆ ನಂಬಲಾಗದ. ಓದದ, ಕಾಣದ, ಮುಟ್ಟದ, ಕೇಳದ ಅಂತ ಒಂದೇ ಪದದಲ್ಲಿ ಇಲ್ಲ ಅನ್ನುವುದನ್ನು ಹುದುಗಿಸುವ ಶಕ್ತಿ ಕನ್ನಡಕ್ಕಿದೆ. ಇಂಗ್ಲಿಷಿನವರು ಫಿನ್ನಿಶ್ ಕಲಿಯುವಾಗ ಇದಕ್ಕೆ ಒಂದು ಇಡೀ ಪಾಠ ಬೇಕು. ನಮಗೆ ಅರ್ಧ ಪುಟ ಸಾಕು.

ಅಲ್ಲಿಂದ ಇನ್ನೊಂದು ಹೆಜ್ಜೆ. ಇದಕ್ಕಾಗಿಯೇ ನಾನು ಈ ವಿಷಯ ಆರಿಸಿಕೊಂಡದ್ದು.

ಇಂಗ್ಲಿಷಿನಲ್ಲಿ ಸ್ಲೀಪಿಂಗ್ ಚೈಲ್ಡ್ ಅನ್ನಬಹುದು. ಆದರೆ ಅಮ್ಮನ ಮಡಿಲಲ್ಲಿ ಮಲಗುವ ಮಗು ಅನ್ನಬೇಕಾದರೆ? ಚೈಲ್ಡ್ ಮೊದಲು ಬರುತ್ತದೆ, ಸ್ಲೀಪಿಂಗ್ ಆಮೇಲೆ, ಮಡಿಲು ಅದಾದ ಮೇಲೆ, ಅಮ್ಮ ಎಲ್ಲೋ ಕೊನೆಯಲ್ಲಿ. ನಮ್ಮ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು. ಫಿನ್ನಿಶ್‌ನಲ್ಲಿ ಕೇಳಿ: ‘ಆ್ಯಯ್ದಿನ್ ಸ್ಯುಲಿಸ್ಸ್ಯಾ ನುಕ್ಕುವ ಲಪ್ಸಿ’. ಆ್ಯಯ್ದಿನ್, ಅಮ್ಮನ. ಸ್ಯುಲಿಸ್ಸ್ಯಾ, ಮಡಿಲಲ್ಲಿ. ನುಕ್ಕುವ, ಮಲಗುವ. ಲಪ್ಸಿ, ಮಗು. ಪದಕ್ಕೆ ಪದ, ಅದೇ ಜಾಗ. ‘ನುಕ್ಕುವ’ ಅನ್ನುವ ಪದವನ್ನು ಮತ್ತೊಮ್ಮೆ ನೋಡಿ. ಮಲಗುವ, ನುಕ್ಕುವ. ಮಾತಾಡುವ ಅನ್ನುವುದಕ್ಕೆ ‘ಪುಹುವ’. ಹಾಡುವ ಅನ್ನುವುದಕ್ಕೆ ‘ಲೌಲವ’. ಓದುವ ಅನ್ನುವುದಕ್ಕೆ ‘ಲುಕೆವ’. ಕನ್ನಡ ಲಿಪಿಯಲ್ಲಿ ಬರೆದರೆ ಇವು ಯಾವುದೋ ಊರಿನ ಕನ್ನಡದ ಕೃದಂತಗಳ, ಅಂದರೆ ಕ್ರಿಯಾಪದದಿಂದ ಹುಟ್ಟಿದ ಪದಗಳ ಹಾಗೇ ಕಾಣುತ್ತವೆ.

ಇನ್ನೂ ಇದೆ. ಫಿನ್ನಿಶ್‌ನ ಈ ‘ವ’ ಹಿಂದೆ ‘ಪ’ ಆಗಿತ್ತು ಅಂತ ಆ ಭಾಷೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಹಳಗನ್ನಡ ಓದಿದವರಿಗೆ ‘ಬರ್ಪ’, ‘ನೋಳ್ಪ’, ‘ಮಾಳ್ಪ’ ನೆನಪಾಗಬೇಕು. ಇಂಥವನ್ನು ನೋಡಿದಾಗ ತಲೆ ತಿರುಗುವುದು ಸಹಜ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅವರಿಗೂ ತಿರುಗಿತ್ತು. ದ್ರಾವಿಡ ಭಾಷೆಗಳಿಗೂ, ಫಿನ್ನಿಶ್ ಸೇರಿದಂತೆ ಅವರು ‘ಸಿಥಿಯನ್’ ಅಂತ ಕರೆದ ಗುಂಪಿಗೂ ನೆಂಟಸ್ತಿಕೆ ಇದೆ ಅಂತ ಅವರು ವಾದಿಸಿದರು. ಆ ವಾದವನ್ನು ಭಾಷಾವಿಜ್ಞಾನ ಇವತ್ತು ಒಪ್ಪುವುದಿಲ್ಲ. ಪ್ರತ್ಯಯಗಳನ್ನು ಒಂದರ ಹಿಂದೆ ಒಂದು ಅಂಟಿಸುವ ಭಾಷೆಗಳು ಜಗತ್ತಿನಲ್ಲಿ ತುಂಬಾ ಇವೆ, ಅವುಗಳ ನಡುವೆ ಹೋಲಿಕೆ ಕಾಣಿಸುವುದು ಆಶ್ಚರ್ಯವಲ್ಲ. ಹಾಗಾಗಿ ‘ನುಕ್ಕುವ’ವನ್ನು ಹಿಡಿದುಕೊಂಡು ಕನ್ನಡವೇ ಫಿನ್ನಿಶ್‌ನ ತಾಯಿ ಅಂತ ವಾಟ್ಸ್ಯಾಪಿನಲ್ಲಿ ಹಾಕಬೇಡಿ, ದಯವಿಟ್ಟು. ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ. ಕಲಿಯುವವರಿಗೆ ಕಾಕತಾಳೀಯವೂ ಉಪಯೋಗಕ್ಕೆ ಬರುತ್ತದಲ್ಲ!

ಭೂತಕಾಲಕ್ಕೆ ಬಂದರೆ ದಾರಿ ಸ್ವಲ್ಪ ಬೇರೆಯಾಗುತ್ತದೆ. ನಾವು ಓದಿದ ಹುಡುಗ ಅನ್ನುತ್ತೇವೆ, ಓದಿದ ಪುಸ್ತಕ ಅನ್ನುತ್ತೇವೆ, ನಾನು ಓದಿದ ಪುಸ್ತಕ ಅಂತಲೂ ಅನ್ನುತ್ತೇವೆ. ಮೂರಕ್ಕೂ ‘ಓದಿದ’ ಒಂದೇ. ಹುಡುಗ ಓದಿದನೋ, ಹುಡುಗನನ್ನು ಯಾರೋ ಓದಿದರೋ ಅಂತ ಯಾರೂ ಗೊಂದಲಪಡುವುದಿಲ್ಲ. ಫಿನ್ನಿಶ್ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಓದಿದ ಹುಡುಗ ‘ಲುಕೆನುತ್ ಪೊಯ್ಕ’. ಓದಿದ ಪುಸ್ತಕ, ಅಂದರೆ ಓದಿ ಮುಗಿಸಿದ್ದು, ‘ಲುಎತ್ತು ಕಿರ್ಯ’. ನಾನು ಓದಿದ ಪುಸ್ತಕ ‘ಮಿನುನ್ ಲುಕೆಮನಿ ಕಿರ್ಯ’. ಇಲ್ಲಿ ‘ನಾನು’ ಅಲ್ಲ, ‘ನನ್ನ’. ಅಮ್ಮ ಸುಟ್ಟ ರೊಟ್ಟಿ ಅವರಲ್ಲಿ ‘ಆ್ಯಯ್ದಿನ್ ಲೆಯ್ಪೊಮ ಲೆಯ್ಪ್ಯಾ’, ಅಮ್ಮನ ಸುಟ್ಟ ಬ್ರೆಡ್ಡು ಅಂದ ಹಾಗೆ. ಒಂದು ಮಾತ್ರ ಚೆನ್ನಾಗಿ ಹೊಂದುತ್ತದೆ. ‘ಲುಕೆನುತ್’ ಅಂದರೆ ವಿದ್ಯಾವಂತ ಅಂತಲೂ ಅರ್ಥ. ‘ಅವನು ಓದಿದವನು ಕಣಯ್ಯಾ’ ಅಂತ ನಮ್ಮ ಹಳ್ಳಿಗಳಲ್ಲಿ ಅನ್ನುವುದಿಲ್ವಾ, ಅದೇ.

ಒಂದು ಎಚ್ಚರಿಕೆ. ಈ ಉದ್ದನೆಯ ಕೃದಂತಗಳು ಫಿನ್ನಿಶ್‌ನಲ್ಲಿ ಹೆಚ್ಚಾಗಿ ಬರವಣಿಗೆಗೆ ಸೇರಿದವು. ಪತ್ರಿಕೆ, ಸರ್ಕಾರಿ ಪತ್ರ, ಕರಾರುಪತ್ರಗಳಲ್ಲಿ ತುಂಬಿ ತುಳುಕುತ್ತವೆ. ಬಾಯಿಮಾತಿನಲ್ಲಿ ಅವರು ಇಂಗ್ಲಿಷಿನವರ ಹಾಗೆ ‘ಮಗು, ಯಾವುದು ಮಲಗಿದೆಯೋ’ ಅಂತ ಒಡೆದು ಹೇಳುವುದೇ ಜಾಸ್ತಿ. ನಾವು ಮನೆಯಲ್ಲಿ ಆಡುವ ರೀತಿಯಲ್ಲೇ ಅಲ್ಲಿ ಮಾತಾಡಿದರೆ ಬಾಡಿಗೆ ಕರಾರು ಓದಿದ ಹಾಗೆ ಕೇಳಿಸಬಹುದು. ಆದರೆ ಬಾಡಿಗೆ ಕರಾರು ಓದುವಾಗ ಇಂಗ್ಲಿಷಿನವರಿಗಿಂತ ಬೇಗ ನಮಗೆ ಅರ್ಥವಾಗುತ್ತದೆ.

ಹೋಲಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಇಂಗ್ಲಿಷಿನ ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಹಾಗೆ ಇಲ್ಲೂ ಮೂರು ಮೆಟ್ಟಿಲು. ಇಸೊ, ಇಸೊಂಪಿ, ಇಸೊಯ್ನ್. ಒಳ್ಳೆಯದಕ್ಕೆ ಮಾತ್ರ ಇಂಗ್ಲಿಷಿನ ಹಾಗೆಯೇ ಪದವೇ ಬದಲಾಗುತ್ತದೆ: ‘ಹ್ಯುವ್ಯಾ’, ‘ಪರೆಂಪಿ’, ‘ಪರಸ್’. ನಮ್ಮಲ್ಲಿ ಗುಣವಾಚಕಕ್ಕೆ ಇಂಥ ಮೆಟ್ಟಿಲೇ ಇಲ್ಲ, ‘ನಿನಗಿಂತ’ ಅಂತ ಎದುರಿನವರಿಗೆ ಬಾಲ ಹಚ್ಚಿ ಕೆಲಸ ಮುಗಿಸುತ್ತೇವೆ. ಫಿನ್ನಿಶ್‌ನಲ್ಲಿ ಎರಡು ದಾರಿಗಳಿವೆ. ಇಂಗ್ಲಿಷಿನ ‘ದ್ಯಾನ್’ ಇದ್ದ ಹಾಗೆ ‘ಕುಯ್ನ್’ ಇದೆ. ಅದಲ್ಲದೆ ‘ಸಿನುಅ ವನ್ಹೆಂಪಿ’ ಅಂತಲೂ ಅನ್ನಬಹುದು, ನಿನಗಿಂತ ದೊಡ್ಡ. ಎದುರಿನವರಿಗೇ ವಿಭಕ್ತಿ, ನಮ್ಮ ಹಾಗೆ. ತರಗತಿಗಳಲ್ಲಿ ಸಾಮಾನ್ಯವಾಗಿ ಕುಯ್ನ್ ಮೊದಲು ಹೇಳಿಕೊಡುತ್ತಾರೆ. ಎರಡನೆಯದನ್ನು ನೀವೇ ಕೇಳಿ ಕಲಿತುಕೊಳ್ಳಿ. ಈ ‘ವನ್ಹೆಂಪಿ’ಯನ್ನು ಬಹುವಚನ ಮಾಡಿದರೆ ‘ವನ್ಹೆಮ್ಮತ್’, ಅಂದರೆ ತಂದೆ-ತಾಯಿ. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸುವವರಿಗೆ ಈ ಪದ ಪದೇಪದೇ ಕಣ್ಣಿಗೆ ಬೀಳುತ್ತದೆ. ‘ಮನೆಯಲ್ಲಿ ದೊಡ್ಡವರನ್ನ ಕರ್ಕೊಂಡು ಬಾ’ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದೇ ದೊಡ್ಡವರು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: ‘ದ್ರಾವಿಡ ನೆಂಟಸ್ತಿಕೆ ಇಲ್ಲ ಅಂದಿರಿ. ಸಂಸ್ಕೃತದ ನೆರಳಾದರೂ ಇದೆಯೇ ಸ್ವಾಮಿ?’

ನೇರವಾಗಿ ಸಂಸ್ಕೃತದಿಂದ ಇಲ್ಲ. ಆದರೆ ಸಾವಿರಾರು ವರ್ಷಗಳ ಹಿಂದೆ, ಸಂಸ್ಕೃತವೂ ಸೇರುವ ಇಂಡೋ-ಇರಾನಿಯನ್ ಬಳಗದ ಭಾಷೆ ಆಡುತ್ತಿದ್ದವರ ನೆರೆಯಲ್ಲಿ ಫಿನ್ನಿಶ್‌ನ ಪೂರ್ವಜರು ಇದ್ದರು. ಅಲ್ಲಿಂದ ಕೆಲವು ಪದಗಳನ್ನು ತೆಗೆದುಕೊಂಡರು. ನೂರಕ್ಕೆ ಅವರ ಪದ ‘ಸತ’, ನಮ್ಮ ಶತ. ಗುಣವಾಚಕದಲ್ಲೇ ಬೇಕು ಅಂದರೆ ಹಸಿರು. ಹಸಿರಿಗೆ ‘ವಿಹ್ರೆಯಾ’ ಅನ್ನುತ್ತಾರೆ. ಅದು ‘ವಿಹ’ ಅನ್ನುವ ಪದದ ಬಳಗದ್ದು. ವಿಹ ಅಂದರೆ ಇವತ್ತು ದ್ವೇಷ, ಹಿಂದೆ ವಿಷ ಅನ್ನುವ ಅರ್ಥವೂ ಇತ್ತು. ಅದು ನಮ್ಮ ‘ವಿಷ’ ಬಂದ ಮೂಲದಿಂದಲೇ ಹೋದ ಪದ. ಉಳಿದಂತೆ ಅವರ ಗುಣವಾಚಕಗಳಲ್ಲಿ ಜರ್ಮ್ಯಾನಿಕ್ ಸಾಲಗಳೇ ಹೆಚ್ಚು. ಚಂದಕ್ಕೆ ‘ಕೌನಿಸ್’, ಅದು ಜರ್ಮನ್ನಿನ ‘ಶೋನ್’ ಇರುವ ಬಳಗ. ಶ್ರೀಮಂತನಿಗೆ ‘ರಿಕಸ್’, ಇಂಗ್ಲಿಷಿನ ರಿಚ್ ಅದೇ ಬೇರಿನದು. ಜರ್ಮ್ಯಾನಿಕ್ ಭಾಷೆಗಳೇ ಸವೆಸಿಕೊಂಡ ಕೊನೆಯ ‘ಸ್’ ಶಬ್ದವನ್ನು ಫಿನ್ನಿಶ್ ಇನ್ನೂ ಜೋಪಾನ ಮಾಡಿದೆ. ಹಳೆಯ ಜರ್ಮ್ಯಾನಿಕ್ ಹೇಗಿತ್ತು ಅಂತ ತಿಳಿಯಬೇಕಾದವರು ಫಿನ್ನಿಶ್ ನಿಘಂಟು ತೆರೆದು ನೋಡುವುದು ಇದಕ್ಕೇ.

ಎರಡನೆಯ ಪ್ರಶ್ನೆ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯದು: ‘ಸರ್, ಜಗತ್ತಿನಲ್ಲೇ ಹ್ಯಾಪಿಯಾಗಿರೋ ದೇಶ ಅಂತಾರಲ್ಲ, ಆ ಹ್ಯಾಪಿಗೆ ಅವರೇನಂತಾರೆ?’

ಯಾವ ಹ್ಯಾಪಿ ಅನ್ನುವುದರ ಮೇಲೆ ಹೋಗುತ್ತದೆ ಅಮ್ಮಾ. ಮುಖದ ಮೇಲೆ ಕಾಣುವ ಖುಷಿಗೆ ‘ಇಲೊಯ್ನೆನ್’. ತೃಪ್ತಿಯಾಗಿದೆ, ದೂರು ಇಲ್ಲ ಅನ್ನುವುದಕ್ಕೆ ‘ತ್ಯೂತ್ಯುವ್ಯಾಯ್ನೆನ್’. ಬದುಕೇ ಸುಖವಾಗಿದೆ ಅನ್ನುವ ದೊಡ್ಡ ಅರ್ಥದ ಹ್ಯಾಪಿಗೆ ‘ಒನ್ನೆಲ್ಲಿನೆನ್’. ಅದರೊಳಗಿನ ‘ಒನ್ನಿ’ ಅಂದರೆ ಅದೃಷ್ಟ ಅಂತಲೂ ಆಗುತ್ತದೆ, ಸುಖ ಅಂತಲೂ ಆಗುತ್ತದೆ. ದೇಶಗಳ ಆ ಪಟ್ಟಿ ಕೊಡುವ ‘ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್’ ಅನ್ನುವ ವರದಿಯ ಹೆಸರಿನಲ್ಲಿರುವ ಹ್ಯಾಪಿನೆಸ್‌ಗೆ ಫಿನ್ನಿಶ್ ಪತ್ರಿಕೆಗಳು ಬಳಸುವುದು ಈ ಮೂರನೆಯ ಪದದ ಬಳಗವನ್ನೇ. 2018ರಿಂದ ಆ ಪಟ್ಟಿಯ ಮೇಲ್ತುದಿಯಲ್ಲಿ ಫಿನ್‌ಲ್ಯಾಂಡ್ ಇದೆ.

ಆದರೆ ಆ ಪಟ್ಟಿ ಮಾಡಲು ಜನರನ್ನು ಕೇಳುವ ಪ್ರಶ್ನೆಯಲ್ಲಿ ಹ್ಯಾಪಿ ಅನ್ನುವ ಪದವೇ ಇಲ್ಲ. ಸೊನ್ನೆಯಿಂದ 10ರವರೆಗೆ ಮೆಟ್ಟಿಲಿರುವ ಒಂದು ಏಣಿ ಕಲ್ಪಿಸಿಕೊಳ್ಳಿ ಅನ್ನುತ್ತಾರೆ. ಮೇಲಿನ ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಕೆಳಗಿನ ತುದಿಯಲ್ಲಿ ಅತಿ ಕೆಟ್ಟ ಬದುಕು, ಈಗ ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ಕೇಳುತ್ತಾರೆ. ಫಿನ್ನಿಶ್‌ನಲ್ಲಿ ಅದಕ್ಕೆ ಬೇಕಾಗುವುದು ಒನ್ನೆಲ್ಲಿನೆನ್ ಅಲ್ಲ, ‘ಪರಸ್’ ಮತ್ತು ಅದರ ಎದುರಿನ ‘ಹುಒನೊಯ್ನ್’.